ಎಲ್ಲಿಗೆ ಎಂದು ಕೇಳಬಾರದು

ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದವರನ್ನು ‘ಎಲ್ಲಿಗೆ?’ ಎಂದು ಕೇಳಬಾರದೆಂಬುದು ನಮ್ಮ ಯಸಳೂರು ಕಡೆಯಲ್ಲಿ ಸಂವಿಧಾನಕ್ಕಿಂತ ಹಳೆಯ ಕಾಯಿದೆ. ಕೇಳಿದರೆ ಹೊರಟ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಒಳಗೆ ಬಂದು, ಒಂದು ಗಳಿಗೆ ಕೂತು, ಒಂದು ಲೋಟ ನೀರು ಕುಡಿದು ಹೊಸದಾಗಿ ಹೊರಡಬೇಕಾಗುತ್ತದೆ. ಅಷ್ಟರಲ್ಲಿ ಸಕಲೇಶಪುರದ ಬಸ್ಸು ತಿರುವು ದಾಟಿರುತ್ತದೆ. ಹೀಗಾಗಿ ಕೆಲಸ ಕೆಡುತ್ತದೆಂಬ ಭವಿಷ್ಯವಾಣಿ ನಮ್ಮಲ್ಲಿ ಇದುವರೆಗೆ ಒಮ್ಮೆಯೂ ಸುಳ್ಳಾಗಿಲ್ಲ. ಹಾಗೆಂದು ನೆರೆಮನೆಯವರು ಇಸ್ತ್ರಿ ಮಾಡಿದ ಸೀರೆಯುಟ್ಟು ಹೊರಟಾಗ ಕುತೂಹಲವನ್ನು ನುಂಗಿಕೊಂಡು ಕೂರಲು ಮನುಷ್ಯಮಾತ್ರರಿಗೆ ಸಾಧ್ಯವೇ? ಅದಕ್ಕೆಂದೇ ಹಿರಿಯರು ಬೇಲಿಯಲ್ಲಿ ಒಂದು ಕಂಡಿ ಬಿಟ್ಟಿದ್ದಾರೆ. ‘ದೂರಾನಾ?’ ಎಂದು ಕೇಳಬಹುದು. ‘ಹಿಂಗೇ, ಸ್ವಲ್ಪ ದೂರ’ ಎಂದು ಅವರು ಹೇಳಬಹುದು. ಹಾಲಿನ ಡೈರಿಯ ತನಕ ಹೋಗುವವರಿಗೂ ಕಾಶಿಗೆ ಹೋಗುವವರಿಗೂ ಈ ಒಂದೇ ಉತ್ತರ ಸಾಲುತ್ತದೆ. ಕೇಳಿದವರಿಗೆ ಕೇಳಿದ ತೃಪ್ತಿ, ಹೇಳಿದವರಿಗೆ ಹೇಳದ ತೃಪ್ತಿ.

ಚರಿತ್ರೆಯ ಉಪನ್ಯಾಸಕನಾಗಿ ‘ಎಲ್ಲಿ, ಯಾವಾಗ’ ಎಂದು ಕೇಳುತ್ತಲೇ ಅನ್ನ ತಿನ್ನುವ ನನಗೆ ಈ ಕಾಯಿದೆ ಎಷ್ಟು ಕಷ್ಟವೆಂದು ನೀವು ಊಹಿಸಬಹುದು. ಅದರ ಮೇಲೆ ನಾನು ಹುಟ್ಟಾ ಚಿಂತಕ. ವಿಚಾರವಂತನೆಂಬ ಅರ್ಥದಲ್ಲಿ ಅಲ್ಲ, ಗ್ಯಾಸ್ ಸಿಲಿಂಡರ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಅರ್ಥದಲ್ಲಿ. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸವೆಂದು ಬಲ್ಲವರು ಹೇಳುತ್ತಾರಲ್ಲ, ಆ ಸೊನ್ನೆಯೊಳಗೇ ನಾನು ಐವತ್ತೆರಡು ವರ್ಷಗಳಿಂದ ವಾಸವಾಗಿದ್ದೇನೆ. ತೋಟದ ಗೇಟಿಗೆ ಬೀಗ ಹಾಕಿ ನೂರು ಹೆಜ್ಜೆ ನಡೆದು, ವಾಪಸು ಬಂದು ಜಗ್ಗಿ ನೋಡಿ, ಮತ್ತೆ ಹೊರಟು ಬಸ್ಸು ಹತ್ತುವವನು ನಾನು. ನನ್ನ ಹೆಂಡತಿ ಸುಜಾತ, ‘ನಮ್ಮನೆ ಬೀಗ ಸವೆದಿರೋದು ಕಳ್ಳರಿಂದಲ್ಲ, ಯಜಮಾನರಿಂದ’ ಎಂದು ಬಂದವರ ಮುಂದೆ ಹೇಳುವುದುಂಟು.

ಈ ಬಾರಿ ಕಾಫಿ ಕುಯ್ಲು ಮುಗಿದು, ಗಿಡಗಳಲ್ಲಿ ಹೂ ಅರಳಿಸುವ ಹೂಮಳೆಗೆ ಇನ್ನೂ ಸಮಯವಿದ್ದು, ತೋಟದಲ್ಲಿ ಗಡಿಬಿಡಿ ಇಲ್ಲದ ಆ ನಾಲ್ಕಾರು ವಾರಗಳಲ್ಲಿ, ನಮ್ಮ ಮನೆಯಲ್ಲಿ ಏನೋ ಒಂದು ಪ್ರವಾಸ ಕುದಿಯುತ್ತಿರುವ ವಾಸನೆ ನನಗೆ ಬಡಿಯಿತು. ಕುದಿಸುತ್ತಿದ್ದವರು ಮೂವರು: ಸುಜಾತ, ಎಪ್ಪತ್ತೆಂಟರ ನನ್ನ ಅಮ್ಮ, ಮತ್ತು ಬೇಲಿಯಾಚೆಯ ಫ್ಲೋರಿ ಟೀಚರ್. ಟೀಚರ್ ಮೂಲತಃ ಮಂಗಳೂರಿನ ಕಡೆಯವರು. ನಿವೃತ್ತರಾದ ಮೇಲೆ ತಮ್ಮ ಮೂರೆಕರೆ ಕಾಫಿಯನ್ನೂ ನಮ್ಮ ಮನೆಯ ಹೆಂಗಸರನ್ನೂ ಒಟ್ಟೊಟ್ಟಿಗೆ ನೋಡಿಕೊಳ್ಳುತ್ತಿದ್ದಾರೆ. ಅವರು ಬಂದು ಜಗಲಿಯಲ್ಲಿ ಕೂತೊಡನೆ ಮಾತು ತಗ್ಗುತ್ತಿತ್ತು. ತಗ್ಗಿದ ಮಾತಿನಿಂದ ‘ವೀಕೆಂಡು’ ಎಂಬ ಪದ ಆಗಾಗ ತಲೆಯೆತ್ತುತ್ತಿತ್ತು.

ಆ ಪದವೇ ನನ್ನನ್ನು ಮೊದಲು ಬೆಚ್ಚಿಸಿದ್ದು. ನಮ್ಮ ಸೀಮೆಯಲ್ಲಿ ವೀಕೆಂಡೆಂಬುದು ನಾವು ಹೋಗುವ ವಸ್ತುವಲ್ಲ, ನಮ್ಮಲ್ಲಿಗೆ ಬರುವ ವಸ್ತು. ಶುಕ್ರವಾರ ಸಂಜೆಯಿಂದ ಅದು ಬೆಂಗಳೂರಿನ ಕಾರುಗಳಲ್ಲಿ ಬಂದು, ಬಿಸಿಲೆ ಕಡೆಯ ರಸ್ತೆಯಲ್ಲಿ ಸಾಲುಗಟ್ಟಿ, ಹೊಂಗಡಹಳ್ಳದ ಆಚೆ ಜೀಪು ಹತ್ತಿ ಕೂಗಾಡಿ, ಭಾನುವಾರ ಮಧ್ಯಾಹ್ನ ಚಿಪ್ಸಿನ ಖಾಲಿ ಪೊಟ್ಟಣಗಳನ್ನು ಕಾಣಿಕೆಯಾಗಿ ಬಿಟ್ಟು ಹಿಂದಿರುಗುತ್ತದೆ. ನಮ್ಮ ಸ್ವಂತ ವಾರ ಮುಗಿಯುವುದು ಸಂತೆಯ ದಿನ. ಈ ವೀಕೆಂಡಿಗೆ ಪತ್ರಿಕೆಯವರು ‘ವಾರಾಂತ್ಯ’ವೆಂದು ಹೆಸರಿಟ್ಟಿದ್ದಾರೆ. ಕೊನೆಯಲ್ಲಿ ‘ಅಂತ್ಯ’ವಿರುವ ಯಾವ ಪದವನ್ನೂ ನನ್ನಂಥವನು ನಿಶ್ಚಿಂತೆಯಿಂದ ಓದಲಾರ.

ಆದರೂ ಕಾಯಿದೆ ಮುರಿಯಲಿಲ್ಲ. ಒಂದು ಬೆಳಿಗ್ಗೆ ಕೇಳಿದೆ, ಗಂಟಲಲ್ಲಿ ಉದಾಸೀನವನ್ನು ಬರಿಸಿಕೊಂಡು: ‘ದೂರಾನಾ?’

‘ಹೂಂ, ಸ್ವಲ್ಪ ದೂರಾನೇ’ ಎಂದಳು ಸುಜಾತ, ರೊಟ್ಟಿ ತಟ್ಟುತ್ತ.

ಉಳಿದದ್ದನ್ನು ನಾನು ನನ್ನ ವಿದ್ಯೆಯ ಬಲದಿಂದ ಕಂಡುಕೊಳ್ಳಲು ಹೊರಟೆ. ಶಾಸನದ ಚೂರುಗಳನ್ನು ಜೋಡಿಸುವಂತೆ, ಕದ್ದು ಕೇಳಿದ ಮಾತಿನ ಚೂರುಗಳನ್ನು ಜೋಡಿಸಿದೆ. ಚೂರು ಒಂದು, ‘ಹಳೇ ರಾಜಧಾನಿ’. ಮತ್ತೊಂದು, ‘ಶತ್ರುಗಳು ಬಂದು ಎಲ್ಲಾ ಒಡ್ದಾಕ್ಬುಟ್ಟವ್ರಂತೆ, ಎಷ್ಟೋ ಮೂರ್ತಿಗೆ ತಲೇನೇ ಇಲ್ವಂತೆ’. ಇಷ್ಟು ಸಾಕಲ್ಲವೇ? ಹಾಸನ ಜಿಲ್ಲೆಯ ಮೂರನೇ ಕ್ಲಾಸಿನ ಮಗುವೂ ಹಳೇಬೀಡು ಎನ್ನುತ್ತದೆ, ನಾನೂ ಎಂದೆ. ‘ಊರಿನ ಸುತ್ತ ಹೊಳೆ ಐತಂತೆ’ ಎಂಬ ಚೂರು ಸ್ವಲ್ಪ ಕೊಸರಾಡಿತು. ಅಲ್ಲಿರುವುದು ಕೆರೆ, ಪಾಪ, ಹೆಂಗಸರಿಗೆ ಕೆರೆಗೂ ಹೊಳೆಗೂ ವ್ಯತ್ಯಾಸ ತಿಳಿದಿಲ್ಲವೆಂದು ಮನಸ್ಸಿನಲ್ಲೇ ತಿದ್ದಿ ಪೂರ್ಣಾಂಕ ಕೊಟ್ಟೆ. ‘ಅಲ್ಲಿ ಆನೆನೂ ನೋಡ್ಬೋದು’ ಎಂದಾಗ ಮಾತ್ರ ನಗು ಬಂತು. ಬೆಳಗಾದರೆ ‘ಕೆರೆ ಏರಿ ಮೇಲೆ ಎರಡು, ಸ್ಕೂಲಿನ ಹಿಂದೆ ಒಂದು’ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಕಳಿಸುವ ಆನೆಗಳ ಹಾಜರಿ ಓದಿ ಮನೆಯಿಂದ ಹೊರಬೀಳುವ ನಾವು, ಆನೆ ನೋಡಲು ಪ್ರವಾಸ ಹೋಗುವುದೇ?

ಒಟ್ಟಿನಲ್ಲಿ ಹಳೇಬೀಡು. ಎರಡು ಗಂಟೆಯ ದಾರಿ. ಇಷ್ಟಕ್ಕೆ ಇಷ್ಟು ಗುಟ್ಟೇಕೆಂದು ಸ್ವಲ್ಪ ನೋವಾದರೂ ನಾನು ಉದಾರನಾದೆ. ಅವರಿಗೊಂದು ಅಚ್ಚರಿ ಕೊಡೋಣವೆಂದು ಸ್ಟ್ಯಾಂಡಿನ ಮಂಜಣ್ಣನಿಗೆ ಜೀಪು ಹೇಳಿದೆ. ನೆರಳಿರುವ ಜಾಗ, ಶೌಚಾಲಯವಿರುವ ಹೋಟೆಲು, ಅಮ್ಮನ ಮಂಡಿಗೆ ಎಣ್ಣೆ, ಕುದಿಸಿದ ನೀರು, ಜೀಪಿನ ಎರಡನೇ ಸ್ಟೆಪ್ನಿ, ಎಲ್ಲ ಸೇರಿ ಎರಡೂವರೆ ಪುಟದ ಪಟ್ಟಿಯಾಯಿತು. ಭಾನುವಾರದ ತಿಂಡಿಯ ಹೊತ್ತಿಗೆ ಅದನ್ನು ಜೇಬಿನಿಂದ ತೆಗೆದು, ವಿದ್ಯಾರ್ಥಿಗಳಿಗೆ ಟಿಪ್ಪಣಿ ಹೇಳಿಬರೆಸುವ ಧ್ವನಿಯಲ್ಲಿ ಓದತೊಡಗಿದೆ. ಫ್ಲೋರಿ ಟೀಚರೂ ಇದ್ದರು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಮೆಚ್ಚುಗೆಯೆಂದುಕೊಂಡೆ.

ಎರಡನೇ ಸ್ಟೆಪ್ನಿಗೆ ಬಂದಾಗ ಅಮ್ಮ ತಟ್ಟೆಯಿಂದ ತಲೆಯೆತ್ತಿದಳು. ‘ಎಲ್ಲಾ ಸರಿ ಕಣಪ್ಪ. ಜೀಪು ಏರೋಪ್ಲೇನು ಹತ್ತೋ ತಾವ ಗಂಟ ಬುಟ್ಟು ಬರ್ತದೋ, ಇಲ್ಲಾ ಸಕಲೇಶಪುರಕ್ಕೇ ನಿಂತೋಯ್ತದೋ?’

ಏರೋಪ್ಲೇನು ಎಂಬ ಶಬ್ದ ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಹಳೇಬೀಡಿಗೆ ವಿಮಾನವೇ ಎಂದು ಕೇಳಿದೆ. ಹಳೇಬೀಡು ಅಂದೋರ್ಯಾರು ಎಂದಳು ಸುಜಾತ. ಫ್ಲೋರಿ ಟೀಚರ್ ಲೋಟ ಕೆಳಗಿಟ್ಟು, ಎರಡನೇ ತರಗತಿಗೆ ಮಗ್ಗಿ ಹೇಳುವಷ್ಟು ನಿಧಾನವಾಗಿ ವಿವರಿಸಿದರು: ‘ಅಯುತ್ತಯ ಅಂತ ಉಂಟಲ್ಲ ಮಾರಾಯ್ರೆ, ಥಾಯ್ಲೆಂಡಿನಲ್ಲಿ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಹತ್ತಿದ್ರೆ ಬೆಳಿಗ್ಗೆ ಬ್ಯಾಂಕಾಕು. ಅಲ್ಲಿಂದ ರೈಲಲ್ಲಿ ಒಂದೂವರೆ ಗಂಟೆ. ಸೋಮವಾರ ವಾಪಸ್. ನೀವೇ ಕ್ಲಾಸಲ್ಲಿ ಅದನ್ನು ಪಾಠ ಮಾಡ್ತೀರಂತಲ್ಲ.’

ಮಾಡುತ್ತೇನೆ. ‘ಆಗ್ನೇಯ ಏಷ್ಯಾದಲ್ಲಿ ಭಾರತೀಯ ಸಂಸ್ಕೃತಿ’ ಎಂಬ ಅರ್ಧ ಪುಟ ಬರುತ್ತದೆ. ನಮ್ಮ ಅಯೋಧ್ಯೆಯ ಹೆಸರನ್ನೇ ಕರೆದೊಯ್ದು ಕಟ್ಟಿದ ಊರು, ಅಯೋಧ್ಯೆಯೆಂದರೆ ಯುದ್ಧದಿಂದ ಗೆಲ್ಲಲಾಗದ್ದು, ಹಾಗಿದ್ದೂ ಶತ್ರುಗಳು ಗೆದ್ದು ಸುಟ್ಟರು ಎಂದು ಹೇಳಿ, ಮಕ್ಕಳು ನಗದಿದ್ದರೂ ನಾನೊಬ್ಬನೇ ನಕ್ಕು, ಮುಂದಿನ ಪಾಠಕ್ಕೆ ದಾಟುತ್ತೇನೆ. ನನ್ನ ಪಾಲಿಗೆ ಅದು ಎರಡು ಅಂಕದ ಊರು. ಅಲ್ಲಿಗೆ ಯಾರಾದರೂ ಹೋಗಬಹುದೆಂದು, ಅದರಲ್ಲೂ ಧರ್ಮಸ್ಥಳವನ್ನು ದಾಟಿ ಹೋಗಿರದ ನನ್ನ ಅಮ್ಮ ಹೋಗಬಹುದೆಂದು, ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ನನಗೆ ಹೊಳೆದಿರಲಿಲ್ಲ. ಥಾಯ್‌ನಾಡಿಗೆ ತಾಯಿ ಎಂದು ಒಳಗೆಲ್ಲೋ ಒಂದು ಶ್ಲೇಷೆ ಮಿಸುಕಿತು. ಎದೆ ಹೊಡೆದುಕೊಳ್ಳುತ್ತಿರುವಾಗಲೂ ಶ್ಲೇಷೆ ಹುಡುಕುವ ಈ ಚಾಳಿಗೆ ಮದ್ದಿಲ್ಲ.

ಸಾವರಿಸಿಕೊಂಡು, ಗೆದ್ದವನ ಧಾಟಿಯಲ್ಲಿ, ಅಮ್ಮನಿಗೆ ಪಾಸ್‌ಪೋರ್ಟೇ ಇಲ್ಲವಲ್ಲ ಎಂದೆ.

ಅಮ್ಮ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದಳು. ಸುಣ್ಣದ ಡಬ್ಬಿ ಬಂತು, ಅಡಕತ್ತರಿ ಬಂತು, ಆಮೇಲೆ ಹೊಗೆಸೊಪ್ಪಿನ ಘಮಲು ಹೊತ್ತ, ಕಡುನೀಲಿಯ, ಸಿಂಹಮುದ್ರೆಯ ಪಾಸ್‌ಪೋರ್ಟು ಬಂತು. ತೆರೆದೆ. ಜನವರಿ ಒಂದರಂದು ಹುಟ್ಟಿದ್ದಾಳೆಂದು ಸರ್ಕಾರ ನಂಬಿರುವ ನನ್ನ ಅಮ್ಮ, ಕ್ಯಾಮೆರಾವನ್ನೇ ಗದರಿಸುವ ಮುಖದಲ್ಲಿ ನನ್ನನ್ನು ನೋಡುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಒಂದು ದಿನ ಮೂವರೂ ಹೊರಟಾಗ ನಾನು ‘ದೂರಾನಾ?’ ಎಂದಿದ್ದು, ‘ಹಿಂಗೇ ಸ್ವಲ್ಪ ದೂರ’ ಎಂದು ಅವರು ಹೋಗಿದ್ದು, ಹಾಸನಕ್ಕೆ ಬೆರಳಚ್ಚು ಕೊಡಲಿಕ್ಕಂತೆ. ವಿಚಾರಣೆಗೆ ಪೇದೆಯೊಬ್ಬರು ನಮ್ಮದೇ ಜಗಲಿಯಲ್ಲಿ ಕಾಫಿ ಕುಡಿದು ಹೋಗಿದ್ದಾರಂತೆ. ನಾನಾಗ ಕಾಲೇಜಿನಲ್ಲಿ ಮೌರ್ಯರ ಗುಪ್ತಚರರ ಪಾಠ ಮಾಡುತ್ತಿದ್ದೆ. ಇದರಲ್ಲಿ ಸಿಟ್ಟಾಗಲೂ ಅವಕಾಶವಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದಕ್ಕೆಲ್ಲ ನಿಜವಾದ ಉತ್ತರವೇ ಸಿಕ್ಕಿತ್ತು.

ಇನ್ನೊಂದು ಒಗಟೂ ಅಲ್ಲೇ ಬಿಡಿಸಿಕೊಂಡಿತು. ಮೂರು ತಿಂಗಳಿಂದ ಅಮ್ಮ ಕುರ್ಚಿ ಬಿಟ್ಟು ಮಣೆಯ ಮೇಲೆ ಕೂರುವುದು, ಏಳುವುದು, ಮತ್ತೆ ಕೂರುವುದು ಮಾಡುತ್ತಿದ್ದಳು. ಇದು ಯಾವ ಕಾಯಿಲೆಯ ಮುನ್ಸೂಚನೆಯೆಂದು ನಾನು ಗುಟ್ಟಾಗಿ ಡಾಕ್ಟರನ್ನು ಕೇಳಿ, ಅವರು ನನಗೇ ರಕ್ತದೊತ್ತಡದ ಗುಳಿಗೆ ಬರೆದುಕೊಟ್ಟಿದ್ದರು. ಈಗ ಅಮ್ಮ ಹೇಳಿದಳು: ‘ಅಲ್ಲಿ ಬುದ್ಧಪ್ಪನ ಮುಖ ಕೆಳ್ಗೈತೆ ಕಣೋ. ಅವನಿಗಿಂತ ನಮ್ ತಲೆ ಮೇಲಿರ್ಬಾರ್ದಂತೆ. ನೆಲಕ್ಕೆ ಕೂತೇ ಫೋಟ ತೆಗೆಸ್ಕಬೇಕು.’

ಫ್ಲೋರಿ ಟೀಚರ್ ತಮ್ಮ ಮೊಬೈಲು ನನ್ನ ಮುಂದೆ ಹಿಡಿದರು. ಹಾಳು ದೇವಾಲಯದ ಅಂಗಳದಲ್ಲಿ ಒಂದು ದೊಡ್ಡ ಮರ, ಹೆಣೆದುಕೊಂಡ ಅದರ ಬೇರುಗಳ ನಡುವೆ ಕಲ್ಲಿನ ಒಂದು ಬುದ್ಧನ ಮುಖ. ದೇಹವಿಲ್ಲ. ಬೇರುಗಳು ಕೆನ್ನೆಯ ತನಕ ಬಂದು, ಅಲ್ಲಿ ಏನೋ ನೆನಪಾದವರಂತೆ ಪಕ್ಕಕ್ಕೆ ಸರಿದು ಹೋಗಿವೆ.

‘ನೋಡ್ದಾ?’ ಎಂದಳು ಅಮ್ಮ. ‘ನಮ್ ಗೇಟ್ ತಾವ ಬಸರಿ ಮರ ಐತಲ್ಲ, ಅದ್ರ ಬುಡದಲ್ಲಿ ಚೌಡಮ್ಮ ಇದ್ಲು. ನಾ ಮದ್ವೆ ಆಗ್ ಬಂದಾಗ ಮುಖ ಎಲ್ಲಾ ಕಾಣ್ತಿತ್ತು. ಬೇರು ಬರ್ತಾ ಬರ್ತಾ ನಿಮ್ಮಪ್ಪ ಕಡಿಯಾಣ ಅಂತ ಕತ್ತಿ ತಂದ್ರು. ನಾನೇ ಬ್ಯಾಡ ಅಂದೆ. ದೇವ್ರ ಮರ, ಅದಕ್ ಗೊತ್ತಿರ್ತದೆ, ಮುಖ ಬುಟ್ಟು ಬೆಳಿತದೆ ಅಂದೆ. ಬುಡ್ಲಿಲ್ಲ. ನುಂಗ್ಬುಡ್ತು.’ ಸ್ವಲ್ಪ ಹೊತ್ತು ಅಡಕತ್ತರಿಯನ್ನು ಸುಮ್ಮನೆ ತೆರೆದು ಮುಚ್ಚಿದಳು. ‘ಆ ಮರ ಯಾಕ್ ಬುಟ್ತು, ಯಾರಾದ್ರೂ ಕಡೀತಾ ಇದ್ರಾ, ಇಲ್ಲಾ ತಾನಾಗೇ ಬುಟ್ತಾ, ಒಂದ್ಸಲ ಕಣ್ಣಾರೆ ನೋಡಿ ಬರ್ತೀನಿ.’

ಬಸರಿ ಮರ ಹೆಸರಿಗೆ ತಕ್ಕಂತೆ ದೇವಿಯನ್ನು ಬಸಿರಲ್ಲಿಟ್ಟುಕೊಂಡಿದೆಯೆಂದು ನಾನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಆ ನಗೆಚಟಾಕಿಯ ಕೆಳಗೆ ನನ್ನ ಅಮ್ಮ ಎಷ್ಟೋ ವರ್ಷಗಳಿಂದ ಒಂದು ತಪ್ಪನ್ನು ಹೊತ್ತು ಕೂತಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೇನು, ಚಿಂತೆಯ ಯಂತ್ರ ನಿಲ್ಲುತ್ತದೆಯೇ? ಅದು ಆಗಲೇ ಶುರುವಾಗಿತ್ತು. ಅಲ್ಲಿ ಹುಷಾರು ತಪ್ಪಿದರೆ? ಭಾಷೆ? ಊಟ? ಅಮ್ಮ, ಆ ಊರು ಎಲ್ಲಿದೆ ಅಂತ ಗೊತ್ತಾ ನಿನಗೆ ಎಂದು ಕೇಳಲು ಬಾಯಿ ತೆರೆದೆ. ಸುಜಾತ ಅದನ್ನು ಕಣ್ಣಿನಲ್ಲೇ ಹಿಡಿದಳು.

‘ಸಾಕು ಕಣ್ರೀ. ರಾಮೇಶ್ವರದ ಬಸ್ಸಲ್ಲಿ ಮಾಡಿದ್ದೇ ಸಾಕು.’

ರಾಮೇಶ್ವರದ ಬಸ್ಸು ನನಗೆ ನೆನಪಿತ್ತು. ಹನ್ನೊಂದು ವರ್ಷಗಳ ಹಿಂದೆ, ಅಪ್ಪ ಹೋದ ಮರುವರ್ಷ, ನೆಂಟರೆಲ್ಲ ಸೇರಿ ಯಾತ್ರೆಗೆ ಬಸ್ಸು ಮಾಡಿದ್ದರು. ಗೇಟಿನ ಹತ್ತಿರ ಬಸ್ಸು ನಿಂತಿತ್ತು. ಅಮ್ಮ ಮೆಟ್ಟಿಲಿಗೆ ಕಾಲಿಟ್ಟವಳು ಹಿಂತೆಗೆದು, ಬೇಡ, ತಲೆ ಸುತ್ತುತ್ತಿದೆ, ನೀವು ಹೋಗಿಬನ್ನಿ ಎಂದು ಮನೆಗೆ ನಡೆದಿದ್ದಳು. ಎಂಥ ಒಳ್ಳೆಯದಾಯಿತು, ದಾರಿಯಲ್ಲಿ ತಲೆ ಸುತ್ತಿದ್ದರೆ ಏನು ಗತಿಯಾಗುತ್ತಿತ್ತೆಂದು ನಾನು ಈ ಹನ್ನೊಂದು ವರ್ಷ ಉದಾಹರಣೆ ಕೊಡುತ್ತ ಬಂದಿದ್ದೆ.

‘ತಲೆ ಸುತ್ತಿದ್ದು ಯಾರಿಗೆ?’ ಎಂದಳು ಸುಜಾತ. ‘ಅತ್ತೆ ಕಾಲು ಇಟ್ಟಿದ್ರು. ನೀವು ಹಿಂದಿಂದ ಓಡಿ ಬಂದು ಎಲ್ಲಿಗೆ, ರಾತ್ರಿ ಎಲ್ಲಿ ಉಳ್ಕೊಳ್ಳೋದು, ಅಲ್ಲಿ ಆಸ್ಪತ್ರೆ ಎಲ್ಲಿ ಅಂತ ಶುರು ಮಾಡಿದ್ರಿ.’

ನಾನು ಅಮ್ಮನ ಕಡೆ ನೋಡಿದೆ. ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ‘ನೀ ಎಲ್ಲಿಗೆ ಅಂದ್ಬುಟ್ಟೆ. ನಾನು ಕಾಲು ತಕ್ಕಂಡೆ. ಅಷ್ಟೇಯ’ ಎಂದು ಅಡಿಕೆ ಬಾಯಿಗೆ ಹಾಕಿಕೊಂಡಳು.

ಒಂದು ಶಬ್ದ. ಒಂದು ಸಲವಲ್ಲ, ಮೂರು ಸಲ. ಚಿಂತೆಯನ್ನು ನಾನು ಪ್ರೀತಿಯ ಇನ್ನೊಂದು ಹೆಸರೆಂದೇ ತಿಳಿದಿದ್ದೆ. ಅದು ಯಾತ್ರೆಗೆ ಹೊರಟ ಬಸ್ಸಿನ ಮೆಟ್ಟಿಲಿನಿಂದ ಹೆತ್ತವಳನ್ನು ಇಳಿಸಿ ಅಡುಗೆಮನೆಗೆ ಕಳಿಸಿತ್ತು. ಆ ಸಂಜೆ ಅವಳು ಮಾಡಿಕೊಟ್ಟ ಉಪ್ಪಿಟ್ಟನ್ನು ನಾನು ಎರಡು ಸಲ ಹಾಕಿಸಿಕೊಂಡು ತಿಂದದ್ದೂ ಚೆನ್ನಾಗಿ ನೆನಪಾಯಿತು.

ಕೊನೆಯ ವಿಷಯವನ್ನು ಫ್ಲೋರಿ ಟೀಚರ್ ಹೊರಡುವಾಗ ಹೇಳಿದರು. ಹೊರಡುವುದು ಇವತ್ತಿಗೆ ಹನ್ನೆರಡನೇ ದಿನ. ಮೂರು ಟಿಕೆಟ್ಟು ಆಗಿದೆ. ನಾಲ್ಕನೆಯದಕ್ಕೆ ಅದೇ ವಿಮಾನದಲ್ಲಿ ಇನ್ನೂ ಜಾಗವಿದೆ. ಅದನ್ನು ತೆಗೆಯುವ ತಮ್ಮ ಅಣ್ಣನ ಮಗನಿಗೆ ಇವತ್ತು ದೀಪ ಹಚ್ಚುವುದರೊಳಗೆ ಹೇಳಬೇಕು. ‘ನೀವು ಬಂದ್ರೆ ಸಂತೋಷ. ಬರದಿದ್ರೂ ಬೇಜಾರಿಲ್ಲ ಮಾರಾಯ್ರೆ’ ಎಂದರು. ಆ ಎರಡನೇ ವಾಕ್ಯ ಬರೀ ಶಿಷ್ಟಾಚಾರವಾಗಿರಲಿಲ್ಲವೆಂಬುದು ಆ ದಿನದ ಮತ್ತೊಂದು ಆಘಾತ.

ನನ್ನ ಪಾಸ್‌ಪೋರ್ಟು ಇದೆ. ಎಂಟು ವರ್ಷಗಳ ಹಿಂದೆ ಕೊಲಂಬೊದಲ್ಲಿ ಒಂದು ವಿಚಾರ ಸಂಕಿರಣಕ್ಕೆಂದು ಮಾಡಿಸಿ, ಹೊರಡುವ ವಾರ ಎದೆಯಲ್ಲಿ ಏನೋ ಚುಚ್ಚಿದಂತಾಗಿ, ಅದು ಹಲಸಿನ ಹಣ್ಣೆಂದು ಸಾಬೀತಾಗುವಷ್ಟರಲ್ಲಿ ಸಂಕಿರಣ ಮುಗಿದಿತ್ತು. ಅಂದಿನಿಂದ ಅದು ಬೀರುವಿನಲ್ಲಿ ಒಂದು ಮುದ್ರೆಯ ಕಲೆಯೂ ಇಲ್ಲದೆ ಮಲಗಿದೆ. ಎಲೆಅಡಿಕೆ ಚೀಲದಲ್ಲಿರುವ ಅಮ್ಮನ ಪಾಸ್‌ಪೋರ್ಟು ಹಾಸನ ಜಿಲ್ಲೆಯ ಒಳಗಾದರೂ ಒಂದಿಷ್ಟು ಸುತ್ತಾಡಿದೆ.

ಮಧ್ಯಾಹ್ನವೆಲ್ಲ ಹೋಗದಿರಲು ಕಾರಣಗಳನ್ನು ಬರೆಯುತ್ತ ಕೂತೆ. ಹೂಮಳೆ ಬೇಗ ಬಂದರೆ ಎಂಬುದು ಮೊದಲನೆಯದು. ಆನೆ ಬಂದು ತೋಟದ ನೀರಿನ ಪೈಪು ತುಳಿದರೆ ಎಂಬುದು ಅದರ ಹಿಂದೆಯೇ ಬಂತು. ಮುಂದಿನದು ಹೊಳೆಯದೆ ಎದ್ದು, ಅಭ್ಯಾಸಬಲದಿಂದ, ಗೇಟಿನ ಬೀಗ ನೋಡಲು ಹೋದೆ. ಹಾಕಿತ್ತು. ಜಗ್ಗಿದೆ. ಜಗ್ಗಿದ ಕೈ ಹಾಗೇ ಇರಲು, ಪಕ್ಕದ ಬಸರಿಯ ಬುಡಕ್ಕೆ ಕಣ್ಣು ಹೋಯಿತು. ಬಗ್ಗಿ ನೋಡಿದೆ. ಎರಡು ಬೇರುಗಳ ನಡುವೆ ಒಂದು ಬಿರುಕು. ಬೆರಳು ತೂರಿಸಿದರೆ ಒಳಗೆ ತಣ್ಣಗೆ ಕಲ್ಲು ತಾಗಿತು. ಹಣೆಯೋ, ಗಲ್ಲವೋ ತಿಳಿಯಲಿಲ್ಲ. ನಾನು ಚಿಕ್ಕವನಾಗಿದ್ದಾಗ ಇಲ್ಲಿ ಒಂದು ಕಣ್ಣೂ ಅರ್ಧ ಮೂಗೂ ಇನ್ನೂ ಹೊರಗಿದ್ದವು. ಪರೀಕ್ಷೆಗೆ ಹೋಗುವಾಗ ಆ ಮೂಗು ಮುಟ್ಟಿ ಹೋಗುತ್ತಿದ್ದೆ. ಅದು ಯಾವ ವರ್ಷ ಮುಚ್ಚಿಹೋಯಿತು? ದಿನಕ್ಕೆರಡು ಬಾರಿ ಈ ಜಾಗಕ್ಕೆ ವಾಪಸು ಬಂದು ಬಂದು ಪರೀಕ್ಷಿಸಿದವನು ನಾನು, ಬೀಗವನ್ನಷ್ಟೇ ನೋಡಿದ್ದೆ. ಒಂದು ಮೊಳದ ಅಂತರದಲ್ಲೇ ಒಂದು ಮುಖ ಮರೆಯಾಗುತ್ತಿತ್ತು, ಅದರ ಬಗ್ಗೆ ಮಾತ್ರ ಒಂದು ದಿನವೂ ಚಿಂತಿಸಲಿಲ್ಲ.

ಬೀರುವಿನಿಂದ ಪಾಸ್‌ಪೋರ್ಟು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಾಗ ಬಿಸಿಲು ಕಾಫಿ ಗಿಡಗಳ ಮೇಲಿನಿಂದ ಜಾರುತ್ತಿತ್ತು. ಜಗಲಿಗೆ ಬಂದೆ. ಅಮ್ಮ ಮಣೆಯ ಮೇಲೆ ಕೂತು ಮೊರದಲ್ಲಿ ಮೆಣಸು ಹಸನು ಮಾಡುತ್ತಿದ್ದಳು. ನಾನು ಒಂದು ಚಪ್ಪಲಿ ಮೆಟ್ಟಿದ್ದೆ. ಅವಳ ಕಣ್ಣು ನನ್ನ ಜೇಬಿನಿಂದ ಇಣುಕುತ್ತಿದ್ದ ನೀಲಿಯ ಮೇಲೆ ಬಿತ್ತು.

‘ಬಾ, ಒಂದ್ ಗಳಿಗೆ ಕೂತು ಹೋಗು.’

ಚಪ್ಪಲಿ ಬಿಟ್ಟು ಅವಳ ಪಕ್ಕ ನೆಲಕ್ಕೆ ಕೂತೆ. ಕೂರುವುದೇನೋ ಆಯಿತು, ಏಳಲು ಹೋದಾಗ ಎರಡು ಮಂಡಿಗಳೂ ಒಟ್ಟಿಗೆ ಸೌದೆ ಸೀಳಿದಂತೆ ಸದ್ದು ಮಾಡಿ, ಅರ್ಧದಲ್ಲಿ ನಿಂತು, ನನ್ನನ್ನು ವಾಪಸು ನೆಲಕ್ಕೆ ಒಪ್ಪಿಸಿದವು. ಅಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ಒಂದು ಕೈ ನೆಲಕ್ಕೂರಿ, ಉಸಿರು ಬಿಗಿಹಿಡಿದು, ಒಂದೇ ಏಟಿಗೆ ಎದ್ದು ನಿಂತು, ಆ ಕೈಯನ್ನು ನನಗೆ ನೀಡಿದಳು.

‘ಇದ್ಕೆ ಮೂರು ತಿಂಗ್ಳು ಬೇಕು ಕಣಪ್ಪ’ ಎಂದಳು, ನನ್ನನ್ನು ಎತ್ತುತ್ತ. ‘ನಿಂಗೆ ಹನ್ನೆರಡೇ ದಿನ ಐತೆ.’

ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದೆ. ಬೇಲಿಯಾಚೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಫ್ಲೋರಿ ಟೀಚರ್ ಮನೆಯ ದೀಪ ಇನ್ನೂ ಹತ್ತಿರಲಿಲ್ಲ. ಹಿಂದಿನಿಂದ ಅಮ್ಮನ ದನಿ ಬಂತು.

‘ದೂರಾನಾ, ಮಗ?’

‘ಹೂಂ ಅಮ್ಮ’ ಎಂದೆ. ‘ಸ್ವಲ್ಪ ದೂರಾನೇ.’